ಪ್ಲೇಟ್ ಹೆಚ್ಚಿದರೆ ಲೋಡು ಹೆಚ್ಚುವುದಿಲ್ಲ

ಕಬ್ಬು ಅರೆಯುವ ಹಂಗಾಮಿನಲ್ಲಿ ಕಿರಂಗೂರು ವೃತ್ತದಲ್ಲಿ ನಿಂತರೆ ತುಂಬಿದ ಲಾರಿ, ಟ್ರ್ಯಾಕ್ಟರುಗಳು ಕಣ್ಣಿಗೆ ಬೀಳುತ್ತಲೇ ಇರುತ್ತವೆ. ಗದ್ದೆ ದಾರಿ, ಕ್ವಾರಿ ದಾರಿಯಲ್ಲಿ ಓಡುವ ಗಾಡಿಗೆ ಹಿಂದಿನ ಸ್ಪ್ರಿಂಗಿಗೆ ಎರಡು ಪ್ಲೇಟ್ ಜಾಸ್ತಿ ಹಾಕಿಸಿದರೆ ಎರಡು ಟನ್ ಜಾಸ್ತಿ ಹೊರುತ್ತದೆ ಎಂದು ನಂಬಿದವರು ಬಹಳ. ಜೀವಕ್ಕೇ ಎರವಾಗುವ ನಂಬಿಕೆ ಇದು.

ಪ್ಲೇಟ್ ಸೇರಿಸಿದರೆ ಹಿಂಭಾಗ ಕುಸಿಯುವುದು ಕಡಿಮೆಯಾಗುತ್ತದೆ, ಅಷ್ಟೇ. ಆಕ್ಸಲ್, ಬೇರಿಂಗ್, ಟೈರು, ಚಾಸಿ, ಬ್ರೇಕು ಎಲ್ಲ ಹಳೆಯವೇ. ಅವುಗಳಲ್ಲಿ ಯಾವುದು ಮೊದಲು ಸೋಲುತ್ತದೋ ಅದೇ ಗಾಡಿಯ ಮಿತಿ. ಮೊದಲಾದರೆ ಹಿಂದೆ ಕುಸಿದು ಹೆಚ್ಚಿನ ಹೊರೆಯ ಸೂಚನೆ ಕೊಡುತ್ತಿದ್ದ ಲಾರಿ ಈಗ ನೆಟ್ಟಗೆ ನಿಲ್ಲುತ್ತದೆ. ಚಾಲಕನಿಗೆ ಅಪಾಯ ಗೊತ್ತಾಗುವುದು ಇಳಿಜಾರಿನಲ್ಲಿ, ಡ್ರಮ್ಮು ಕಾದು ಬ್ರೇಕು ಹಿಡಿಯದಿದ್ದಾಗ.

ಲೆಕ್ಕವೂ ತಲೆಕೆಳಗು. ಆರ್‌ಸಿಯಲ್ಲಿ ಒಟ್ಟು ತೂಕ 18,500 ಕಿಲೋ ಇದ್ದು, ಖಾಲಿ ಲಾರಿ 6,500 ಕಿಲೋ ತೂಗಿದರೆ ಲೋಡಿಗೆ ಉಳಿಯುವುದು 12,000. ಹೊಸ ಪ್ಲೇಟುಗಳೇ 150 ಕಿಲೋ ತೂಗಿದರೆ 11,850. ಲೋಡು ಇಳಿಯಿತೇ ಹೊರತು ಏರಲಿಲ್ಲ! 2018ರಲ್ಲಿ ಕೇಂದ್ರ ಸರ್ಕಾರ ನಾಲ್ಕು ಟೈರಿನ ಒಂಟಿ ಆಕ್ಸಲ್‌ನ ಮಿತಿಯನ್ನು 10.2ರಿಂದ 11.5 ಟನ್ನಿಗೆ ಏರಿಸಿದ್ದು ನಿಜ. ಆದರೆ ಗ್ಯಾರೇಜಿನಲ್ಲಿ ಪ್ಲೇಟ್ ಕಟ್ಟಿಸಿದ ಮಾತ್ರಕ್ಕೆ ಆರ್‌ಸಿಯ ಅಂಕಿ ಬದಲಾಗದು. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯಂತೆ ಹೆಚ್ಚು ಹೊರೆಗೆ ದಂಡ 20,000 ರೂಪಾಯಿ, ಮೇಲೆ ಪ್ರತಿ ಹೆಚ್ಚುವರಿ ಟನ್ನಿಗೆ 2,000.

ಗಟ್ಟಿ ಸ್ಪ್ರಿಂಗ್ ಇದ್ದರೆ ಹಳ್ಳದಿಣ್ಣೆಗೆ ಒಳ್ಳೆಯದು ಎನ್ನುವುದೂ ಪೂರ್ತಿ ಸರಿಯಲ್ಲ. ಖಾಲಿ ಬರುವಾಗ ಚಕ್ರ ಪುಟಿದು ನೆಲದ ಹಿಡಿತ ಬಿಡುತ್ತದೆ. ದಿಣ್ಣೆ ದಾರಿಗೆ ಬೇಕಾದದ್ದು ಚಕ್ರ ತಗ್ಗಿಗೆ ಇಳಿದು ಏರುವಷ್ಟು ಮೆದುವಾದ ಸ್ಪ್ರಿಂಗ್. ಅದು ಹೊರುವ ಭಾರವೋ ಕಡಿಮೆ. ಇನ್ನು ಪ್ಲೇಟ್ ಸೇರಿಸಿ ಗಾಡಿ ಎತ್ತರಿಸಿದರೆ ಭಾರವೂ ಮೇಲೇರಿ, ತಿರುವಿನಲ್ಲಿ ಮಗುಚುವ ಭಯ ಹೆಚ್ಚು.

ಎಳೆಯುವ ವಿಷಯ ಬೇರೆಯೇ. ಸಾಮಾನ್ಯ ಟ್ರ್ಯಾಕ್ಟರಿನ ಹಿಂದಿನ ಆಕ್ಸಲ್‌ಗೆ ಸ್ಪ್ರಿಂಗೇ ಇಲ್ಲ, ಟೈರೇ ಎಲ್ಲ. ಒಂಟಿ ಆಕ್ಸಲ್ ಟ್ರೈಲರಿನಲ್ಲಿ ಮುಂದಕ್ಕೆ ಹೆಚ್ಚು ಕಬ್ಬು ಹೇರಿದರೆ ಭಾರ ಹುಕ್ಕಿನ ಮೇಲೆ ಕೂರುತ್ತದೆ. ಟ್ರ್ಯಾಕ್ಟರಿನ ಮುಂದಿನ ಚಕ್ರ ಹಗುರಾಗಿ, ಏರಿನಲ್ಲಿ ನೆಲ ಬಿಟ್ಟು ಏಳುತ್ತದೆ. ಆಗ ಸ್ಟೀರಿಂಗ್ ತಿರುಗಿಸಿದರೂ ಗಾಡಿ ತಿರುಗದು. ಎಲ್ಲವನ್ನೂ ಹಿಂದಕ್ಕೆ ತಳ್ಳಿದರೆ ಹುಕ್ಕು ಮೇಲೆದ್ದು ಟ್ರೈಲರು ಅತ್ತಿತ್ತ ಓಲಾಡುತ್ತದೆ. ಭಾರದ ಬಹುಪಾಲು ಟ್ರೈಲರಿನ ಆಕ್ಸಲ್ ಮೇಲೆ, ಸ್ವಲ್ಪ ಮಾತ್ರ ಹುಕ್ಕಿನ ಮೇಲೆ ಬೀಳುವಂತೆ ಹೇರಿ, ಹುಕ್ಕು ಆದಷ್ಟು ಕೆಳಗಿಡಬೇಕು.