ಕಣ್ಣಿಗೆ ರಾಚುವ ದೀಪಕ್ಕೊಂದು ಬುಟ್ಟಿಯ ಮರೆ

ಸಂಜೆಯ ಬಲಿಪೂಜೆ ಮುಗಿಸಿ ಇಗರ್ಜಿಯ ಮೆಟ್ಟಿಲು ಇಳಿಯುವ ಹಿರಿಯರನ್ನು ಒಮ್ಮೆ ಗಮನಿಸಿ. ಒಂದು ಕೈ ಮೊಮ್ಮಗನ ಹೆಗಲ ಮೇಲೆ, ಇನ್ನೊಂದು ಕೈ ಹಣೆಗೆ ಅಡ್ಡ. ರಾತ್ರಿ ಹೊತ್ತಿನಲ್ಲಿ ಹಣೆಗೆ ಕೈ ಏಕೆ? ಎದುರಿನ ಬಿಳಿ ದೀಪ ನೇರವಾಗಿ ಕಣ್ಣಿಗೆ ರಾಚುತ್ತಿದೆ. ನಾವು ಭೇಟಿ ನೀಡಿದ ಒಂದು ಧರ್ಮಕೇಂದ್ರದಲ್ಲಿ ಹೀಗೆಯೇ ಕೊನೆಯ ಮೆಟ್ಟಿಲು ತಪ್ಪಿ ಬಿದ್ದ ಅಜ್ಜಿಯೊಬ್ಬರು ಮೂರು ತಿಂಗಳು ಹಾಸಿಗೆ ಹಿಡಿದರು. "ದೀಪ ಇತ್ತು ಫಾದರ್, ಅದೇ ತೊಂದರೆಯಾದದ್ದು" ಎಂದು ಅವರು ಹೇಳಿದ ಮಾತನ್ನು ನಾವು ಮರೆತಿಲ್ಲ.

2015ರಲ್ಲಿ ಕೇಂದ್ರದ ಉಜಾಲಾ ಯೋಜನೆ ಬಂದ ಮೇಲೆ ಎಲ್‌ಇಡಿ ಬಲ್ಬು ಮನೆಮನೆಗೆ ತಲುಪಿತು. ಕರೆಂಟು ಉಳಿಯಿತು, ಇದು ಒಳ್ಳೆಯದೇ. 9 ವ್ಯಾಟಿನ ಎಲ್‌ಇಡಿ ಹೆಚ್ಚುಕಡಿಮೆ ಹಳೆಯ 60 ವ್ಯಾಟಿನ ಬಲ್ಬಿನಷ್ಟು ಬೆಳಕು ಕೊಡುತ್ತದೆ. ಆದರೆ ಆ ಬೆಳಕೆಲ್ಲ ಅಂಗೈಗಿಂತ ಚಿಕ್ಕ ಜಾಗದಿಂದ ಹೊರಡುವುದರಿಂದ ಕಣ್ಣು ಚುಚ್ಚುತ್ತದೆ. ಅದನ್ನು ನೋಡಿದೊಡನೆ ಕಣ್ಣಿನ ಪಾಪೆ ಕಿರಿದಾಗುತ್ತದೆ, ಸುತ್ತಲಿನ ನೆರಳು ಇನ್ನಷ್ಟು ಕಪ್ಪಾಗಿ ತೋರುತ್ತದೆ. ವಯಸ್ಸಾದವರಲ್ಲಿ, ವಿಶೇಷವಾಗಿ ಕಣ್ಣಿನ ಪೊರೆ ಬಂದವರಲ್ಲಿ, ಬೆಳಕು ಕಣ್ಣಿನೊಳಗೇ ಚದುರಿ ಮಂಜು ಕವಿದಂತಾಗುತ್ತದೆ. ದೀಪದ ಬುಡದಲ್ಲಿ ಕತ್ತಲು ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

ಇದಕ್ಕೆ ಉಪಾಯ ನಮ್ಮ ಕರಾವಳಿಯಲ್ಲಿ ಹೊಸದಲ್ಲ. ದೀಪಾವಳಿಯ ಗೂಡುದೀಪವಾಗಲಿ, ಕ್ರಿಸ್ಮಸ್ ನಕ್ಷತ್ರವಾಗಲಿ ಮಾಡುವ ಕೆಲಸ ಒಂದೇ: ಚಿಕ್ಕ ಬಲ್ಬಿನ ಬೆಳಕನ್ನು ದೊಡ್ಡ ಕಾಗದದ ಮೇಲೆ ಹರಡುವುದು. ಅದನ್ನೇ ವರ್ಷವಿಡೀ ಬಳಸಲು ಬೆತ್ತದ ಬುಟ್ಟಿ ಸಾಕು.

ಹೇಗೆ ಮಾಡುವುದು?

ಸುಮಾರು ಒಂದು ಅಡಿ ಅಗಲದ, ಸಡಿಲವಾಗಿ ಹೆಣೆದ ಬುಟ್ಟಿ ತನ್ನಿ. ಬುಟ್ಟಿ ಹೆಣೆಯುವುದರಲ್ಲಿ ಹೆಸರಾದ ಕೊರಗ ಸಮುದಾಯದವರಿಂದ ಕೊಂಡರೆ ಅವರ ಕೈಕೆಲಸಕ್ಕೂ ನ್ಯಾಯವಾದ ಬೆಲೆ ಸಿಗುತ್ತದೆ. ಬುಟ್ಟಿಯನ್ನು ಕವುಚಿ, ತಳದಲ್ಲಿ ವಯರಿಗಷ್ಟು ತೂತು ಮಾಡಿ, ನೈಲಾನ್ ಹಗ್ಗದಿಂದ ಮಾಡಿನ ಪಕಾಸಿಗೆ ಕಟ್ಟಿ. ಭಾರ ವಯರಿನ ಮೇಲೆ ಬೀಳಬಾರದು. ಬಲ್ಬು ಬುಟ್ಟಿಯ ಅಂಚಿಗಿಂತ ಒಂದು ಗೇಣು ಮೇಲಿರಲಿ.

ಮೆಟ್ಟಿಲಿನ ಬಳಿಯಾದರೆ ಇನ್ನೊಂದು ಎಚ್ಚರ ಬೇಕು. ಹೆಣಿಗೆಯ ನೆರಳು ಪಟ್ಟೆಪಟ್ಟೆಯಾಗಿ ಬಿದ್ದು ಮೆಟ್ಟಿಲಿನ ಅಂಚಿನಂತೆಯೇ ಕಾಣಬಹುದು. ಅಲ್ಲಿ ಬುಟ್ಟಿಯ ಒಳಬದಿಗೆ ತೆಳ್ಳನೆಯ ಬಿಳಿ ಹತ್ತಿ ಬಟ್ಟೆ ಹೊಲಿಯಿರಿ. ಬಟ್ಟೆಗೂ ಬಲ್ಬಿಗೂ ಕನಿಷ್ಠ ನಾಲ್ಕು ಬೆರಳು ಅಂತರವಿರಲಿ. ಮೇಲ್ಭಾಗ ಮುಚ್ಚಬೇಡಿ, ಬಿಸಿ ಹೊರಹೋಗಬೇಕು. ಬಲ್ಬು ಕೊಳ್ಳುವಾಗ ಪೊಟ್ಟಣ ನೋಡಿ: 6500 ಕೆಲ್ವಿನ್ ಎಂದರೆ ನೀಲಿ ಬೆರೆತ ಬಿಳಿ, 2700 ಅಥವಾ 3000 ಎಂದರೆ ಹಿತವಾದ ಹಳದಿ.

ಮಾಡಬಾರದ್ದು

ಹ್ಯಾಲೊಜನ್ ದೀಪಕ್ಕೂ ಹಳೆಯ ತಂತಿಯ ಬಲ್ಬಿಗೂ ಬುಟ್ಟಿ, ಬಟ್ಟೆ, ಕಾಗದ ಯಾವುದನ್ನೂ ಹೊದಿಸಬೇಡಿ, ಬೆಂಕಿ ಹತ್ತೀತು. ಫ್ಲಡ್‌ಲೈಟನ್ನೂ ಮುಚ್ಚಬಾರದು, ಅದರ ಮುಖವನ್ನು ನೆಲದತ್ತ ಬಾಗಿಸಿದರೆ ಸಾಕು. ಮಳೆ ಬೀಳುವಲ್ಲಿ ಬುಟ್ಟಿ ತೂಗಬೇಡಿ. ಜೂನ್ ಬರುವ ಮೊದಲು ಇಳಿಸಿ ಒಣಗಿಸಿಡಿ. ಮೇನ್ ಸ್ವಿಚ್ ಆರಿಸದೆ ಹೋಲ್ಡರ್ ಮುಟ್ಟಬೇಡಿ.

ಸಮುದ್ರದ ದಡದಲ್ಲಿರುವವರಿಗೆ ಇನ್ನೊಂದು ಮಾತು. ನಮ್ಮ ಕರಾವಳಿಯ ಮರಳಿನಲ್ಲಿ ಆಲಿವ್ ರಿಡ್ಲೆ ಕಡಲಾಮೆಗಳು ಮೊಟ್ಟೆಯಿಡುತ್ತವೆ. ಮರಿಗಳು ರಾತ್ರಿ ಹೊರಬಂದು ಹೆಚ್ಚು ಬೆಳಕಿರುವ ದಿಕ್ಕನ್ನೇ ಸಮುದ್ರವೆಂದು ನಂಬಿ ತೆವಳುತ್ತವೆ. ಮನೆಯ ದೀಪ ಕಂಡರೆ ದಾರಿ ತಪ್ಪಿ ಸಾಯುತ್ತವೆ. ಅಲ್ಲಿ ಬುಟ್ಟಿ ಸಾಲದು. ಕಡಲಿನ ಕಡೆಯ ದೀಪವನ್ನು ರಾತ್ರಿ ಆರಿಸುವುದೇ ಸರಿ.

ವಾಳೆಯ ಗುರಿಕಾರರಲ್ಲಿ ನಮ್ಮ ವಿನಂತಿ ಇಷ್ಟೇ. ಈ ವಾರ ಒಂದು ರಾತ್ರಿ ನಿಮ್ಮ ಇಗರ್ಜಿಯ ಬಾಗಿಲಲ್ಲಿ ನಿಂತು, ಮನೆಯ ಹಿರಿಯರೊಬ್ಬರನ್ನು ಜೊತೆಗೆ ನಿಲ್ಲಿಸಿಕೊಂಡು ಹೊರಗೆ ನೋಡಿ. ಬಲ್ಬು ಕಾಣುತ್ತದೆಯೇ, ಮೆಟ್ಟಿಲು ಕಾಣುತ್ತದೆಯೇ ಎಂದು ಅವರನ್ನೇ ಕೇಳಿ. ಮೆಟ್ಟಿಲು ಕಾಣುವುದಿಲ್ಲ ಎಂದರೆ ಮುಂದಿನ ಭಾನುವಾರದೊಳಗೆ ಒಂದು ಬುಟ್ಟಿ ತನ್ನಿ.