ಗರಡಿಮನೆಗೆ ಹೆಂಗಸರು ಹೋಗಬಹುದೇ?

ಗರಡಿಮನೆ ನಮಗೆಲ್ಲ ಗೊತ್ತು. ಕೆಮ್ಮಣ್ಣಿನ ಮಟ್ಟಿ, ಗದೆ, ಗೋಡೆಯ ಮೇಲೆ ಆಂಜನೇಯ. ಹಿಂದಿನಿಂದ ಅದು ಗಂಡಸರ ಜಾಗ. ಈಗ ಜಿಮ್‌ಗಳು ಬಂದಿವೆ. ಕೆಲವು ಕಡೆ ‘ಮಹಿಳೆಯರಿಗೆ ಮಾತ್ರ’ ಎಂಬ ಬೋರ್ಡೂ ಇದೆ. ಹೀಗೆ ಒಬ್ಬರಿಗೇ ಮೀಸಲಿಡುವುದು ಕಾನೂನಿಗೆ ಸರಿಯೇ?

ನಮ್ಮ ಸಂವಿಧಾನ 1950ರ ಜನವರಿ 26ರಂದು ಜಾರಿಗೆ ಬಂತು. ಅದರ 15ನೇ ವಿಧಿಯನ್ನು ನಾವು ತಿಳಿದಿರಬೇಕು. ಸರ್ಕಾರದ ಹಣದಿಂದ ನಡೆಯುವ ಬಾವಿ, ಕೆರೆ, ಸ್ನಾನಘಟ್ಟ, ರಸ್ತೆ, ಜನ ಸೇರುವ ಜಾಗ ಎಲ್ಲರಿಗೂ ಸೇರಿದ್ದು. ಜಾತಿ, ಧರ್ಮ, ಗಂಡು, ಹೆಣ್ಣು ಎಂದು ಯಾರನ್ನೂ ತಡೆಯಬಾರದು. ಪಂಚಾಯಿತಿ ಹಣದಲ್ಲಿ ನಡೆಯುವ ವ್ಯಾಯಾಮಶಾಲೆಯೂ ಅಷ್ಟೇ. ಹೆಣ್ಣು ಎಂಬ ಒಂದೇ ಕಾರಣಕ್ಕೆ ಬಾಗಿಲು ಹಾಕುವಂತಿಲ್ಲ.

“ಹಂಗಾದ್ರೆ ಹೆಂಗಸರಿಗೇ ಅಂತ ಬೇರೆ ಹೊತ್ತು ಕೊಡೋದೂ ತಪ್ಪಾ?” ಎಂದು ಯಾರಾದರೂ ಕೇಳಬಹುದು. ತಪ್ಪಲ್ಲ. ಮಹಿಳೆಯರಿಗೂ ಮಕ್ಕಳಿಗೂ ಸರ್ಕಾರ ವಿಶೇಷ ಅನುಕೂಲ ಮಾಡಬಹುದು ಎಂದು ಅದೇ ವಿಧಿ ಹೇಳುತ್ತದೆ. ಬಸ್ಸಿನಲ್ಲಿ ಮಹಿಳೆಯರ ಸೀಟು ಇಲ್ಲವೇ? ಹಾಗೆಯೇ ಇದು. ಗಂಡಸರು ಬೆಳಗಿನ ಹೊತ್ತು ಬಯಲಲ್ಲಿ ಓಡಬಹುದು. ಹೆಂಗಸರು ಓಡಿದರೆ ಹತ್ತು ಕಣ್ಣು ನೋಡ್ತವೆ!

ಆದರೆ ಅನುಕೂಲ ಬೇರೆ, ಅಡ್ಡಿ ಬೇರೆ. ದೆಹಲಿಯಲ್ಲಿ 1914ರ ಹಳೇ ಕಾಯ್ದೆ ಒಂದು ಜಾರಿಯಲ್ಲಿತ್ತು. ಮದ್ಯ ಕೊಡುವ ಹೋಟೆಲಿನ ಜಾಗದಲ್ಲಿ ಹೆಂಗಸರು ಕೆಲಸ ಮಾಡಬಾರದು ಎಂದು ಅದು ಹೇಳುತ್ತಿತ್ತು. ಹೆಂಗಸರ ರಕ್ಷಣೆಗೆ ಎಂಬುದು ನೆಪ. 2007ರಲ್ಲಿ ಸುಪ್ರೀಂ ಕೋರ್ಟು ಇದನ್ನು ಒಪ್ಪಲಿಲ್ಲ. ‘ನಿಮ್ಮ ಒಳ್ಳೇದಕ್ಕೇ ಬರಬೇಡಿ ಅಂತೀವಿ’ ಎನ್ನುವವರಿಗೆ ಈ ತೀರ್ಪನ್ನು ಹೇಳಿ.

ಖಾಸಗಿ ಜಿಮ್ ವಿಚಾರ ಅಷ್ಟು ಸಲೀಸಲ್ಲ. ವಿಶೇಷ ಅನುಕೂಲದ ಮಾತು ಸರ್ಕಾರಕ್ಕೆ ಹೇಳಿದ್ದು, ಮಾಲೀಕರಿಗಲ್ಲ. ಅಂಗಡಿಗೆ ಹೋಗಲು ಗಂಡು, ಹೆಣ್ಣು ಎಂದು ತಡೆಯಬಾರದು ಎಂದೂ 15ನೇ ವಿಧಿ ಹೇಳುತ್ತದೆ. ‘ಅಂಗಡಿ’ ಎಂಬ ಮಾತಿಗೆ 2011ರಲ್ಲಿ ಸುಪ್ರೀಂ ಕೋರ್ಟು ವಿಶಾಲ ಅರ್ಥ ಕೊಟ್ಟಿದೆ. ಹಾಗಾಗಿ ‘ನನ್ನ ಜಿಮ್, ನನ್ನಿಷ್ಟ’ ಎಂದರೆ ಸಾಲದು. ಬೋರ್ಡು ಏನೇ ಇರಲಿ, ಅಸ್ಪೃಶ್ಯತೆಯ ಕಾರಣಕ್ಕೆ ದಲಿತ ಅಕ್ಕನನ್ನು ಹೊರಗೆ ನಿಲ್ಲಿಸಿದರೆ ಅದು ಅಪರಾಧ. ಅದಕ್ಕೆ 1955ರ ನಾಗರಿಕ ಹಕ್ಕು ಸಂರಕ್ಷಣಾ ಕಾಯ್ದೆ ಇದೆ.

ನಿಮ್ಮೂರ ವ್ಯಾಯಾಮಶಾಲೆಗೆ ಹೆಂಗಸರನ್ನು ಬಿಡದಿದ್ದರೆ ಗ್ರಾಮಸಭೆಯಲ್ಲಿ ಕೇಳಿ. ನಾಲ್ಕೈದು ಜನ ಸೇರಿ ಅರ್ಜಿ ಬರೆಯಿರಿ. ಎಲ್ಲರೂ ರುಜು ಹಾಕಿ, ಹೆಬ್ಬೆಟ್ಟು ಬೇಡ. ಅರ್ಜಿ ಕೊಟ್ಟದ್ದಕ್ಕೆ ರಸೀತಿ ಪಡೆಯಿರಿ. ಅಷ್ಟಕ್ಕೂ ಆಗದಿದ್ದರೆ ತಾಲ್ಲೂಕು ಕೋರ್ಟಿನಲ್ಲಿ ಕಾನೂನು ಸೇವಾ ಸಮಿತಿ ಇದೆ. ಹೆಂಗಸರಿಗೆ ಅಲ್ಲಿ ವಕೀಲರ ನೆರವು ಉಚಿತ. ಇದಕ್ಕೆ ಆದಾಯದ ಮಿತಿಯೂ ಇಲ್ಲ.