ಎಲ್ಲಿ ನಿಲ್ಲಬೇಕು?



ಊರ ಬಯಲಿನಲ್ಲಿ ಹುಡುಗರು ಚೆಂಡು ಒದೆಯುವುದನ್ನು ನಾವೆಲ್ಲ ನೋಡಿದ್ದೇವೆ. ಅದು ಫುಟ್‌ಬಾಲ್ ಆಟ. ಒಂದು ತಂಡದಲ್ಲಿ 11 ಮಂದಿ. ಒಬ್ಬರು ಗೋಲು ಕಾಯುತ್ತಾರೆ. ಉಳಿದ 10 ಮಂದಿ ಎಲ್ಲಿ ನಿಲ್ಲಬೇಕು? ಚೆಂಡು ಇದ್ದಲ್ಲಿಗೇ ಎಲ್ಲರೂ ಓಡಬೇಕೇ?

ಮದುವೆ ಮನೆ ನೆನೆಸಿಕೊಳ್ರಿ. ಎಲ್ಲರೂ ರೊಟ್ಟಿ ಬಡಿಯಾಕ ಕುಂತರ ನೀರು ತರೋರು ಯಾರು? ಊಟಕ್ಕ ಬಡಿಸೋರು ಯಾರು? ಕೆಲಸ ಹಂಚಿಕೊಂಡರೇ ಮದುವೆ ಸುಸೂತ್ರ. ಆಟವೂ ಹಾಗೆಯೇ. ಕೆಲವರು ಹಿಂದೆ ನಿಂತು ಗೋಲು ಕಾಪಾಡುತ್ತಾರೆ. ಕೆಲವರು ನಡುವೆ ನಿಂತು ಚೆಂಡು ದಾಟಿಸುತ್ತಾರೆ. ಕೆಲವರು ಮುಂದೆ ಹೋಗಿ ಗೋಲು ಹೊಡೆಯುತ್ತಾರೆ.

ಇದನ್ನು ಭಾರತ ತಂಡಕ್ಕೆ ಚೆನ್ನಾಗಿ ಕಲಿಸಿದವರು ಒಬ್ಬ ಶಾಲಾ ಮಾಸ್ತರರು. ಹೆಸರು ಸಯ್ಯದ್ ಅಬ್ದುಲ್ ರಹೀಮ್. ಊರು ಹೈದರಾಬಾದ್. ವಾಡಿಯಲ್ಲಿ ರೈಲು ಹತ್ತಿದರೆ ಚಿತ್ತಾಪುರ, ಸೇಡಂ ದಾಟಿ ಆ ಊರಿಗೆ ಹೋಗುತ್ತೇವೆ. ಶಹಾಬಾದ, ಚಿಂಚೋಳಿಯವರಿಗೂ ಅದು ದೂರದ ಊರಲ್ಲ. 1956ರವರೆಗೆ ನಮ್ಮ ಜಿಲ್ಲೆ ಹೈದರಾಬಾದ್ ರಾಜ್ಯದಲ್ಲೇ ಇತ್ತು.

ರಹೀಮ್ ಮಾಸ್ತರರು 1950ರಲ್ಲಿ ಭಾರತ ತಂಡದ ಗುರುವಾದರು. 1951ರಲ್ಲಿ ದಿಲ್ಲಿಯ ಏಷ್ಯನ್ ಕ್ರೀಡಾಕೂಟದಲ್ಲಿ ತಂಡ ಚಿನ್ನದ ಪದಕ ಗೆದ್ದಿತು. ಆದರೆ 1952ರ ಒಲಿಂಪಿಕ್ಸ್‌ನಲ್ಲಿ ದೊಡ್ಡ ಸೋಲು. ಯುಗೊಸ್ಲಾವಿಯ ದೇಶದವರು 10 ಗೋಲು ಹೊಡೆದರು. ನಮ್ಮವರದು ಒಂದೇ ಗೋಲು. ನಮ್ಮವರಲ್ಲಿ ಬಹಳ ಮಂದಿ ಬರಿಗಾಲಲ್ಲಿ ಆಡಿದ್ದರು. ನಿಲ್ಲುವ ಕ್ರಮವೂ ಹಳೆಯದು. ಹಿಂದೆ 2, ನಡುವೆ 3, ಮುಂದೆ 5. ಹಿಂದೆ ಇಬ್ಬರೇ ಇದ್ದರೆ ಗೋಲು ಕಾಯುವುದು ಕಷ್ಟ ಅಲ್ಲೇನ್ರಿ?

ಮಾಸ್ತರರು ಸೋತೆವೆಂದು ಕೈಚೆಲ್ಲಿ ಕೂಡಲಿಲ್ಲ. ಕ್ರಮ ಬದಲಿಸಿದರು. ಹಿಂದೆ ಮೂವರನ್ನು ನಿಲ್ಲಿಸಿದರು. ಚೆಂಡನ್ನು ಬಹಳ ಹೊತ್ತು ಇಟ್ಟುಕೊಳ್ಳದೆ ಹತ್ತಿರದವರಿಗೆ ಬೇಗ ದಾಟಿಸಲು ಕಲಿಸಿದರು. ಬಲಗಾಲಿನವರಿಗೆ ಎಡಗಾಲಿನಿಂದಲೂ ಒದೆಯುವ ಅಭ್ಯಾಸ ಮಾಡಿಸಿದರು. 1956ರ ಒಲಿಂಪಿಕ್ಸ್‌ನಲ್ಲಿ ನಮ್ಮ ತಂಡ ಆಸ್ಟ್ರೇಲಿಯ ತಂಡವನ್ನು 4-2 ಗೋಲುಗಳಿಂದ ಸೋಲಿಸಿತು. ಕೊನೆಗೆ ನಾಲ್ಕನೇ ಸ್ಥಾನ ಪಡೆಯಿತು. ಆ ತಂಡದಲ್ಲಿ ಬೆಂಗಳೂರಿನ ಕೆಂಪಯ್ಯನವರೂ ಇದ್ದರು.

1962ರಲ್ಲಿ ಇಂಡೋನೇಷ್ಯಾದ ಜಕಾರ್ತಾದಲ್ಲಿ ಏಷ್ಯನ್ ಕ್ರೀಡಾಕೂಟ ನಡೆಯಿತು. ಮೊದಲ ಆಟದಲ್ಲೇ ದಕ್ಷಿಣ ಕೊರಿಯಾ ನಮ್ಮನ್ನು ಸೋಲಿಸಿತು. ಮುಂದಿನ ಒಂದು ಆಟದಲ್ಲಿ ಜರ್ನೈಲ್ ಸಿಂಗ್ ಅವರ ತಲೆ ಒಡೆದು ಹೊಲಿಗೆ ಹಾಕಬೇಕಾಯಿತು. ಅವರು ಹಿಂದೆ ನಿಂತು ಗೋಲು ಕಾಪಾಡುವ ಗಟ್ಟಿ ಆಟಗಾರ. ಮಾಸ್ತರರು ಅವರನ್ನು ಮನೆಗೆ ಕಳಿಸಲಿಲ್ಲ. ಹಿಂದಿನಿಂದ ತೆಗೆದು ಮುಂದೆ ನಿಲ್ಲಿಸಿದರು! ಕೊನೆಯ ಆಟ ಮತ್ತೆ ಅದೇ ಕೊರಿಯಾ ಜೊತೆ. ಒಂದು ಗೋಲು ಪಿ. ಕೆ. ಬ್ಯಾನರ್ಜಿ ಹೊಡೆದರು. ಇನ್ನೊಂದು ಜರ್ನೈಲ್ ಸಿಂಗ್ ಹೊಡೆದರು. ಭಾರತ 2-1ರಿಂದ ಗೆದ್ದಿತು. ಚಿನ್ನ ನಮ್ಮದಾಯಿತು.

ಆಗ ಮಾಸ್ತರರಿಗೆ ಕ್ಯಾನ್ಸರ್ ಬೇನೆ ಇತ್ತು. 1963ರ ಜೂನ್ ತಿಂಗಳಲ್ಲಿ ಅವರು ತೀರಿಕೊಂಡರು.

ಇದು ಗಂಡಸರ ಆಟ, ನಮಗ್ಯಾಕ ಅಂತೀರೇನು? ಭಾರತಕ್ಕೆ ಹೆಣ್ಣುಮಕ್ಕಳ ತಂಡವೂ ಇದೆ. 2025ರ ಜುಲೈಯಲ್ಲಿ ಈ ತಂಡ ಥಾಯ್ಲೆಂಡಿಗೆ ಹೋಗಿ, ಆ ದೇಶದ ತಂಡವನ್ನೇ 2-1ರಿಂದ ಸೋಲಿಸಿತು. ಏಷ್ಯನ್ ಕಪ್ ಆಟಕ್ಕೆ ಅರ್ಹತೆ ಪಡೆಯಿತು. ಎರಡೂ ಗೋಲು ಹೊಡೆದವರು ಸಂಗೀತಾ ಬಸ್ಫೋರ್. ಅವರು ನಡುವೆ ನಿಂತು ಆಡುವವರು.

ಇನ್ನು ಮಕ್ಕಳು ಆಡುವಾಗ ನಿಂತು ನೋಡ್ರಿ. ಹಿಂದೆ ಎಷ್ಟು, ನಡುವೆ ಎಷ್ಟು, ಮುಂದೆ ಎಷ್ಟು? ಎಣಿಸಿ ಪಾಟಿಯ ಮೇಲೆ ಬರೆಯಿರಿ. ಆಟದಲ್ಲಿ ಹುಡುಗಿಯರು ಎಷ್ಟು ಮಂದಿ ಇದ್ದಾರೆ? ಅದನ್ನೂ ಬರೆಯಿರಿ. ಒಬ್ಬಳೂ ಇಲ್ಲದಿದ್ದರೆ ಮಗಳನ್ನು ಕರೆದು ಕೇಳ್ರಿ: "ಯವ್ವಾ, ನೀ ಎಲ್ಲಿ ನಿಲ್ತಿ?"